ಗೇಣಿಚೀಟಿಗಳಲ್ಲಿ ಸಿಕ್ಕಿದ ಮುತ್ತಜ್ಜಿ

ಮರವಂತೆಯಲ್ಲಿ ಹುಟ್ಟಿ ಮರವಂತೆಯಲ್ಲಿಯೇ ಮಣ್ಣಾದ, ಓದುಬರಹ ಬಾರದ, ತನ್ನದೆನ್ನಲು ಒಂದು ಸೆಂಟ್ಸ್ ಜಾಗವೂ ಇಲ್ಲದಿದ್ದ ಒಬ್ಬ ಹೆಂಗಸಿನ ಬದುಕನ್ನು ಕಾಗದಪತ್ರಗಳಿಂದ ತಿಳಿಯಲು ಸಾಧ್ಯವೇ? ನಿವೃತ್ತಿಯ ನಂತರದ ಬಿಡುವಿನಲ್ಲಿ ನಾನು ಕೈಹಾಕಿದ ಕೆಲಸ ಇದು. ಆ ಹೆಂಗಸು ನನ್ನ ತಾಯಿಯ ತಾಯಿಯ ತಾಯಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂಧುಗಳಿಗೆ ಅದು ಗೊತ್ತು. ಆ ಹೆಸರನ್ನು ಹೊತ್ತ ಇಬ್ಬರು ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಉಳಿದವರಿಗೆ 'ಮುತ್ತಜ್ಜಿ' ಎಂದರೆ ಸಾಕು.

ಮನೆಯಲ್ಲಿ ಅವಳ ಬಗ್ಗೆ ಉಳಿದಿದ್ದ ಮಾತು ಮೂರೇ. ಚಿಕ್ಕ ಪ್ರಾಯದಲ್ಲಿ ಗಂಡ ಸತ್ತ. ಆಮೇಲೆ ಅಣ್ಣನ ಆಸರೆಯಲ್ಲಿ ಬದುಕಿದಳು. ವಿಧವೆಯಾದ್ದರಿಂದ ಕಿವಿಯ ಓಲೆ ತೆಗೆದವಳು ಕೊನೆಯವರೆಗೂ ಬೋಳು ಕಿವಿಯಲ್ಲಿದ್ದಳು. ನಾನು ಹುಟ್ಟುವ ಹೊತ್ತಿಗೆ ಅವಳು ಇರಲಿಲ್ಲ. ಆದ್ದರಿಂದ ಈ ಮೂರು ಮಾತುಗಳನ್ನೇ ನಂಬಿಕೊಂಡು ಬೆಳೆದೆ. ಕಾಗದಗಳನ್ನು ಓದಿದ ಮೇಲೆ ಮೂರರಲ್ಲಿ ಒಂದೂ ಹಾಗೆಯೇ ಉಳಿಯಲಿಲ್ಲ.

ಮೊದಲು ಸರಕಾರಿ ದಾಖಲೆಗಳ ವಿಚಾರ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ತಮ್ಮ ಹಿರಿಯರನ್ನು ಹುಡುಕಲು ಹೊರಟರೆ ಮೊದಲು ತಿಳಿದಿರಬೇಕಾದದ್ದು, ನಮ್ಮ ಊರು ಎಷ್ಟು ಕೈ ಬದಲಾಯಿಸಿದೆ ಎಂಬುದನ್ನು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕನ್ನಡ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರನಾಗಿ ಬಂದ. 1860ರ ಹೊತ್ತಿಗೆ ಕೆನರಾ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. ನಾವು ದಕ್ಷಿಣ ಕೆನರಾದವರಾಗಿ ಮದ್ರಾಸ್ ಪ್ರಾಂತದಲ್ಲಿ ಉಳಿದೆವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ ಎಂಬ ಹೆಸರು, 1997ರಲ್ಲಿ ಉಡುಪಿ ಜಿಲ್ಲೆ, ಈಚೆಗೆ ಬೈಂದೂರು ತಾಲ್ಲೂಕು. ಮುತ್ತಜ್ಜಿ ಮದ್ರಾಸಿನ ಪ್ರಜೆಯಾಗಿ ಹುಟ್ಟಿ ಮೈಸೂರಿನ ಪ್ರಜೆಯಾಗಿ ಸತ್ತಳು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸೌಪರ್ಣಿಕಾ ಹೊಳೆ, ಇವೆರಡರ ನಡುವಿನ ಪಟ್ಟಿ ಬಿಟ್ಟು ಅವಳು ವಾಸ ಬದಲಾಯಿಸಿದವಳೇ ಅಲ್ಲ.

ಆದರೆ ಇಷ್ಟು ಸರಕಾರಗಳು ಬಂದುಹೋದರೂ ಭೂಮಿಯ ದಾಖಲೆಯಲ್ಲಿ ಅವಳಂಥವರಿಗೆ ಜಾಗವಿರಲಿಲ್ಲ. ಅದಕ್ಕೊಂದು ಕಾರಣವಿದೆ. ಮನ್ರೋನ ಕಾಲದಿಂದಲೂ ನಮ್ಮ ಜಿಲ್ಲೆಯಲ್ಲಿ ಸರಕಾರದ ಲೆಕ್ಕ ಇದ್ದದ್ದು ವರ್ಗದಾರನೊಂದಿಗೆ. ತೀರ್ವೆ ಕಟ್ಟುವವನು ಅವನು, ಪುಸ್ತಕದಲ್ಲಿ ಹೆಸರು ಅವನದು. ವರ್ಗದಾರನ ಕೆಳಗೆ ಮೂಲಗೇಣಿದಾರ, ಅವನ ಕೆಳಗೆ ಚಾಲಗೇಣಿದಾರ. ಮೂಲಗೇಣಿ ಶಾಶ್ವತ, ಗೇಣಿಯ ಪ್ರಮಾಣ ಏರುವಂತಿಲ್ಲ. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಧಣಿ ಬೇಡವೆಂದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸ್ ಸರಕಾರ ಅಳತೆ ಮಾಡಿಸಿ ಸರ್ವೆ ನಂಬ್ರ ಕೊಟ್ಟು ಸೆಟ್ಲ್‌ಮೆಂಟ್ ನಡೆಸಿದಾಗಲೂ ಬೈಲು, ಮಜಲು, ಬೆಟ್ಟು ಎಂದು ಗದ್ದೆಯ ಜಾತಿಯನ್ನು ನೋಡಿತೇ ಹೊರತು ಅದರಲ್ಲಿ ಸೊಂಟ ಬಗ್ಗಿಸಿದವರು ಯಾರೆಂದು ಕೇಳಲಿಲ್ಲ. ನಮ್ಮ ಮನೆಯವರು ಚಾಲಗೇಣಿಯ ಒಕ್ಕಲು. ನಮ್ಮ ಗದ್ದೆಯ ಸರ್ವೆ ನಂಬ್ರದ ಎದುರು ಆ ಕಾಲದ ಪುಸ್ತಕದಲ್ಲಿ ನಮ್ಮ ಮನೆಯ ಯಾರ ಹೆಸರೂ ಕಾಣುವುದಿಲ್ಲ.

ಜನನ ಮರಣದ ಪುಸ್ತಕವನ್ನು ಪಟೇಲರು ಬರೆಯುತ್ತಿದ್ದರು. ಅಲ್ಲಿ ಮಗುವಿಗೆ ಹೆಸರಿಲ್ಲ. ಗಂಡು ಅಥವಾ ಹೆಣ್ಣು, ಅಷ್ಟೆ. ಒಂದೇ ಹೆಸರು ಒಂದು ತಲೆ ಬಿಟ್ಟು ಒಂದು ತಲೆಗೆ ಬರುವ ನಮ್ಮ ಕಡೆಯ ಪದ್ಧತಿಯಿಂದ ಇನ್ನಷ್ಟು ಗೋಜಲು. ಮನೆಯ ಹೆಸರು ಗೊತ್ತಿಲ್ಲದಿದ್ದರೆ ಅಜ್ಜಿ ಯಾರು, ಮೊಮ್ಮಗಳು ಯಾರು ಎಂದು ಬಿಡಿಸಲಾಗದು.

ಹಾಗಾಗಿ ಉಳಿದದ್ದು ಮನೆಯ ಪೆಟ್ಟಿಗೆ. ಹಲಸಿನ ಹಲಗೆಯ ಈ ಪೆಟ್ಟಿಗೆ ಒಲೆಯ ಮೇಲಿನ ಅಟ್ಟದಲ್ಲಿರುತ್ತಿತ್ತು. ಕಡಲ ಗಾಳಿಯ ಉಪ್ಪುಪಸೆ ಕಾಗದವನ್ನು ಎಷ್ಟು ಬೇಗ ತಿನ್ನುತ್ತದೆ ಎಂಬುದನ್ನು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹೊಗೆ ಹಿಡಿದ ಜಾಗದಲ್ಲಿ ಇಟ್ಟದ್ದರಿಂದ ಪಸೆಯೂ ತಾಗಲಿಲ್ಲ, ಗೆದ್ದಲೂ ಹತ್ತಲಿಲ್ಲ. ತೊಂಬತ್ತರ ಅಂಚಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಆ ಪೆಟ್ಟಿಗೆಯ ನೆನಪು ಚೆನ್ನಾಗಿದೆ. "ಆ ಪೆಟ್ಗಿ ಯಾರಿಗೂ ಮುಟ್ಟುಕೆ ಬಿಡುದಿಲ್ಲ ಮಾಣಿ, ಮಕ್ಕಳು ಹತ್ರ ಹೋರೆ ಬೈದೇ ಬೈದ್ರ್" ಎಂದರು.

ಪೆಟ್ಟಿಗೆಯಲ್ಲಿ ಇದ್ದವು ಬಹುತೇಕ ಗೇಣಿ ರಶೀದಿಗಳು. ಅಂಗೈಯಗಲದ ಚೀಟಿಗಳು, ಧಣಿಗಳ ಗುಮಾಸ್ತನ ಅಕ್ಷರ. ಗೇಣಿ ಅಕ್ಕಿಯ ರೂಪದಲ್ಲಿ ಸಲ್ಲುತ್ತಿದ್ದ ಕಾಲ. ಬೈಹುಲ್ಲಿನಲ್ಲಿ ಕಟ್ಟಿದ ಮುಡಿಗಳನ್ನು ದೋಣಿಯಲ್ಲಿಟ್ಟು ಹೊಳೆ ದಾಟಿಸಿ ಧಣಿಗಳ ಅಂಗಳಕ್ಕೆ ಮುಟ್ಟಿಸಬೇಕಿತ್ತು. ಮುಡಿಗೆ 42 ಸೇರು ಎಂಬುದು ಕರಾವಳಿಯ ಸಾಮಾನ್ಯ ಲೆಕ್ಕ. ಆದರೆ ಅಳೆಯುವ ಪಾತ್ರೆ ಧಣಿಯದ್ದಾದರೆ ಲೆಕ್ಕ ಎಲ್ಲಿಯವರೆಗೆ ಹಿಗ್ಗುತ್ತಿತ್ತು ಎಂಬುದನ್ನು ಹಿರಿಯರ ಬಾಯಲ್ಲಿ ಕೇಳಬೇಕು. ಚೀಟಿಯಲ್ಲಿ ಇಷ್ಟೇ: ಇಂಥ ಸಂವತ್ಸರದ ಇಂಥ ಮಾಸದಲ್ಲಿ ಇಂಥವರಿಂದ ಇಷ್ಟು ಮುಡಿ ಸಂದಿದೆ, ಇಷ್ಟು ಬಾಕಿ. ತಂದುಕೊಟ್ಟವರು ಬೇರೆಯಾಗಿದ್ದರೆ 'ಇಂಥವರ ಮಾರ್ಫತು'.

ಇಸವಿ ಎಲ್ಲಿಯೂ ಇಲ್ಲ. ಸಂವತ್ಸರದ ಹೆಸರು, ಸೌರಮಾನದ ತಿಂಗಳು, ಮುಗಿಯಿತು. ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಸಂವತ್ಸರದಿಂದ ಕಾಲ ನಿರ್ಣಯ ಮಾಡುವುದು ಹೇಗೆ? ಅತ್ಯಂತ ಹೆಚ್ಚು ಚೀಟಿಗಳಿದ್ದದ್ದು ಕಾಳಯುಕ್ತಿ ಸಂವತ್ಸರದಿಂದ ಪ್ರಜೋತ್ಪತ್ತಿಯವರೆಗೆ. ಕಾಳಯುಕ್ತಿ 1858ರಲ್ಲಿಯೂ ಬಂದಿದೆ, 1918ರಲ್ಲಿಯೂ ಬಂದಿದೆ. ನನಗೆ ನೆರವಾದದ್ದು ಅದೇ ಕಟ್ಟಿನಲ್ಲಿದ್ದ ರೌದ್ರಿ ಸಂವತ್ಸರದ ಒಂದು ಹಣದ ರಶೀದಿ. ಅದಕ್ಕೆ ಒಂದಾಣೆಯ ಸ್ಟಾಂಪು ಅಂಟಿಸಿದೆ. ಸ್ಟಾಂಪಿನಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇಪ್ಪತ್ತು ರೂಪಾಯಿ ಮೀರಿದ ರಶೀದಿಗೆ ಒಂದಾಣೆಯ ಸ್ಟಾಂಪು ಬೇಕೆಂಬುದು 1899ರ ಸ್ಟಾಂಪು ಕಾನೂನಿನ ನಿಯಮ. ಆಗ ಅಂಚೆಗೂ ರಶೀದಿಗೂ ಒಂದೇ ಸ್ಟಾಂಪು ಸಲ್ಲುತ್ತಿತ್ತು. ಐದನೆಯ ಜಾರ್ಜ್ ಪಟ್ಟದಲ್ಲಿದ್ದದ್ದು 1910ರಿಂದ 1936ರವರೆಗೆ. ಆದ್ದರಿಂದ ಆ ರೌದ್ರಿ 1920ನೆಯ ಇಸವಿಯದು, ಅದಕ್ಕಿಂತ ಎರಡು ವರ್ಷ ಹಿಂದಿನ ಕಾಳಯುಕ್ತಿ 1918ರ ಏಪ್ರಿಲ್‌ನಿಂದ 1919ರ ಏಪ್ರಿಲ್‌ವರೆಗಿನದು. ಸಂಶಯಕ್ಕೆ ಎಡೆಯೇ ಇಲ್ಲ.

ಇಷ್ಟು ಗೊತ್ತಾದದ್ದೇ ತಡ, ಮನೆಯ ಕತೆಯ ಒಂದು ಕೊಂಡಿ ತಾನಾಗಿ ಕೂಡಿಕೊಂಡಿತು. ಮುತ್ತಜ್ಜಿಯ ಅಣ್ಣ 'ಜ್ವರದ ವರ್ಷ' ಸತ್ತ ಎಂದು ದೊಡ್ಡಮ್ಮ ಕೇಳಿ ಬಲ್ಲರು. ಯಾವ ಜ್ವರ? 1918ರ ಜೂನ್ ಹೊತ್ತಿಗೆ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಸೆಪ್ಟೆಂಬರ್ ನಂತರ ಮಾರಕ ರೂಪ ತಾಳಿ ದೇಶವನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಗೂ ಮೀರಿದ್ದೆಂದು ಈಚಿನ ಹೆಚ್ಚಿನ ಅಂದಾಜುಗಳು ಹೇಳುತ್ತವೆ. ಮುಂಬಯಿಯೊಡನೆ ಕಡಲ ದಾರಿಯ ನಂಟಿದ್ದ ನಮ್ಮ ತೀರಕ್ಕೆ ಅದು ಬರಲು ತಡವಾಗಿರಲಾರದು. ಅದೇ ವರ್ಷ ದೇಶದ ಬಹುಭಾಗದಲ್ಲಿ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಪಿಂಗಳ ಸಂವತ್ಸರದ, ಅಂದರೆ ಹಿಂದಿನ ವರ್ಷದ ಚೀಟಿಗಳೆಲ್ಲ ಅಣ್ಣನ ಹೆಸರಿನಲ್ಲಿವೆ. ಕಾಳಯುಕ್ತಿಯ ಧನುರ್ಮಾಸದ ಚೀಟಿಯಲ್ಲಿ ಮೊತ್ತಮೊದಲು ಮುತ್ತಜ್ಜಿಯ ಹೆಸರು. ಹನ್ನೆರಡು ಮುಡಿಯಲ್ಲಿ ಒಂಬತ್ತು ಸಂದಿದೆ, ಮೂರು ಬಾಕಿ.

ಇಲ್ಲಿ ನಮ್ಮ ಕುಟುಂಬದ ಕಟ್ಟಳೆಯನ್ನು ಸ್ವಲ್ಪ ವಿವರಿಸಬೇಕು. ಈಗಿನ ಮಕ್ಕಳಿಗೆ ಅದು ಪಾಠದ ಪುಸ್ತಕದ ಒಂದು ಪದವಾಗಿಬಿಟ್ಟಿದೆ. ನಮ್ಮದು ಅಳಿಯಕಟ್ಟು. ಬಳಿ ಬರುವುದು ತಾಯಿಯಿಂದ, ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಗಂಡನ ಮನೆ ಎಂಬುದು ಹೆಂಗಸಿಗೆ ಹೋಗಿಬರುವ ಮನೆ; ಅವಳ ಸ್ವಂತ ಮನೆ ಹುಟ್ಟಿದ ಮನೆಯೇ. ಭೂತಾಳ ಪಾಂಡ್ಯನ ಕತೆಯಿಂದ ಇದು ಆರಂಭವಾಯಿತೆಂದು ಹೇಳುವುದುಂಟು. ಕತೆ ಕತೆಯೇ ಇರಲಿ, ಇಂಗ್ಲಿಷರ ಕೋರ್ಟುಗಳಿಗೆ ಮಾತ್ರ ಈ ಕಟ್ಟು ದೊಡ್ಡ ತಲೆನೋವಾಗಿತ್ತು. 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗಸು ಎಂಬವರ ನಡುವಿನ ವ್ಯಾಜ್ಯದಲ್ಲಿ ಮದ್ರಾಸ್ ಹೈಕೋರ್ಟು, ಅಳಿಯಸಂತಾನ ಕುಟುಂಬದಲ್ಲಿ ಒಬ್ಬರು ಪಾಲು ಕೇಳಿದರೆ ಕೊಡಲೇಬೇಕೆಂದಿಲ್ಲ ಎಂದು ತೀರ್ಮಾನಿಸಿತು. ಕವರುಗಳಾಗಿ ಪಾಲು ಮಾಡಿಕೊಳ್ಳುವ ಹಕ್ಕು ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ನಮ್ಮಂಥ ಒಕ್ಕಲುಗಳಿಗೆ ಪಾಲು ಮಾಡಲು ಏನಿತ್ತು ಎಂಬುದು ಬೇರೆ ಮಾತು.

ನನ್ನ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಅಂಶ. ಈ ಕಟ್ಟಿನಲ್ಲಿ ಯಜಮಾನಿಕೆ ಹಿರಿಯರಿಗೆ ಸೇರಿದ್ದು, ಹಿರಿಯರು ಗಂಡಾಗಲಿ ಹೆಣ್ಣಾಗಲಿ. ವ್ಯವಹಾರದಲ್ಲಿ ಸೋದರಮಾವನೇ ಯಜಮಾನನಾಗಿರುತ್ತಿದ್ದ, ನಿಜ. ಆದರೆ ಮಾವ ಸತ್ತು ಅಳಿಯ ಇನ್ನೂ ಸ್ಲೇಟು ಹಿಡಿಯುವ ಮಗುವಾಗಿದ್ದರೆ? 1918ರ ಕೊನೆಯಲ್ಲಿ ನಮ್ಮ ಮನೆಯ ಸ್ಥಿತಿ ಅದೇ ಆಗಿತ್ತು. ಹಿರಿಯಳು ಎಂದು ಉಳಿದವಳು ಮುತ್ತಜ್ಜಿ. ಅವಳ ಮಗನಿಗೆ ಒಂಬತ್ತು ವರ್ಷ.

ಮಗನ ವಯಸ್ಸು ನನಗೆ ತಿಳಿದದ್ದು ಊರಿನ ಶಾಲೆಯ ದಾಖಲಾತಿ ಪುಸ್ತಕದಿಂದ. ಮೇಷ್ಟ್ರ ಕೆಲಸ ಮಾಡಿದವನಿಗೆ ಆ ಪುಸ್ತಕವನ್ನು ಹೇಗೆ ಓದಬೇಕೆಂದು ಗೊತ್ತಿರುತ್ತದೆ. ಹುಟ್ಟಿದ ತಾರೀಕಿನ ಅಂಕಣವನ್ನು ಪೂರ್ತಿ ನಂಬಬಾರದು. ಹಳೆಯ ಪುಸ್ತಕಗಳಲ್ಲಿ ಅರ್ಧ ತರಗತಿ ಜೂನ್ ತಿಂಗಳ ಮೊದಲ ದಿನವೇ ಹುಟ್ಟಿರುತ್ತದೆ. ನಂಬಬೇಕಾದದ್ದು ಸೇರಿದ ವರ್ಷ, ಬಿಟ್ಟ ವರ್ಷ ಮತ್ತು ಪೋಷಕರ ಹೆಸರು. ಇವನ ಪೋಷಕನ ಜಾಗದಲ್ಲಿ ತಂದೆಯ ಹೆಸರಿಲ್ಲ, ಸೋದರಮಾವನ ಹೆಸರಿದೆ. ಅಳಿಯಕಟ್ಟಿನ ಮನೆಗಳಲ್ಲಿ ಇದು ಸಹಜ. ಇದನ್ನು ನೋಡಿ ತಂದೆ ಸತ್ತಿದ್ದ ಎಂದು ಎಣಿಸಬಾರದು. ಹುಡುಗ ಮೂರನೆಯ ತರಗತಿಯಲ್ಲಿ, 1919ರಲ್ಲಿ, ಶಾಲೆ ಬಿಟ್ಟಿದ್ದಾನೆ. ಪೋಷಕ ಹೋದ ಮರುವರ್ಷ. ಮುಂದೆ ನಮ್ಮ ಮನೆಯಲ್ಲಿ ಹೈಸ್ಕೂಲು ಕಂಡವರಿಗಾಗಿ ಎರಡು ತಲೆಮಾರು ಕಾಯಬೇಕಾಯಿತು.

ಕಾಳಯುಕ್ತಿಯಿಂದ ಪ್ರಜೋತ್ಪತ್ತಿಯವರೆಗೆ, 1918ರಿಂದ 1932ರವರೆಗೆ, ಹದಿನಾಲ್ಕು ಸಂವತ್ಸರ ಗೇಣಿ ಸಂದದ್ದು ಮುತ್ತಜ್ಜಿಯ ಹೆಸರಿನಲ್ಲಿ. ಒಂದು ಸಂವತ್ಸರವೂ ತಪ್ಪಿಲ್ಲ. ಬಾಕಿ ಉಳಿದ ವರ್ಷ ಬಾಕಿಯನ್ನು ತೀರಿಸಿದ ಬೇರೆ ಚೀಟಿ ಇದೆ. ಆಂಗೀರಸ ಸಂವತ್ಸರದಿಂದ ಮಗನ ಹೆಸರು ಬರುತ್ತದೆ. ಆಗ ಅವನಿಗೆ ಇಪ್ಪತ್ತಮೂರು. ಅಣ್ಣನ ಆಸರೆಯಲ್ಲಿ ಬದುಕಿದಳೆಂದು ನಾವು ತಿಳಿದಿದ್ದವಳು ಅಣ್ಣನಿಲ್ಲದ ಮನೆಯನ್ನು ಹದಿನಾಲ್ಕು ವರ್ಷ ನಡೆಸಿದ್ದಾಳೆ. ಚಾಲಗೇಣಿಯ ಗದ್ದೆಯನ್ನು ಯಜಮಾನ ಸತ್ತ ವರ್ಷ ಬಿಡಿಸಿ ಬೇರೆಯವರಿಗೆ ಕೊಡುವುದು ಧಣಿಗಳಿಗೆ ಕಷ್ಟವೇ ಆಗಿರಲಿಲ್ಲ. ಗದ್ದೆ ಕೈತಪ್ಪಿದ ಕುಟುಂಬಗಳು ಘಟ್ಟ ಹತ್ತಿ ಕಾಫಿ ತೋಟಗಳಲ್ಲಿ, ಅಡಕೆ ತೋಟಗಳಲ್ಲಿ ಕೂಲಿಗೆ ನಿಂತ ಉದಾಹರಣೆ ನಮ್ಮೂರ ಸುತ್ತಮುತ್ತ ಬೇಕಾದಷ್ಟಿವೆ.

ರಶೀದಿಯ ಮಾತೂ ಅಷ್ಟು ಸಣ್ಣದಲ್ಲ. ಚಾಲಗೇಣಿಗೆ ರಶೀದಿ ಕೊಡುವ ರೂಢಿ ಎಲ್ಲರಲ್ಲಿಯೂ ಇರಲಿಲ್ಲ. ಮಾತಿನ ಮೇಲೆ, ಗುಮಾಸ್ತನ ಪುಸ್ತಕದ ಮೇಲೆ ಲೆಕ್ಕ ನಡೆಯುತ್ತಿತ್ತು. ಅಣ್ಣನ ಕಾಲದ ಚೀಟಿಗಳು ಪೆಟ್ಟಿಗೆಯಲ್ಲಿ ಬೆರಳೆಣಿಕೆಯಷ್ಟು. ಅವಳ ಕಾಲದವು ಪ್ರತಿ ಕಂತಿಗೂ ಒಂದೊಂದು. ಓದಲು ಬರುತ್ತಿದ್ದವನಿಗಿಂತ ಓದಲು ಬಾರದವಳು ಹೆಚ್ಚು ಚೀಟಿ ಕೇಳಿ ಪಡೆದಿದ್ದಾಳೆ. ಪುಸ್ತಕದಲ್ಲಿ ಏನು ಬರೆದಿದೆಯೆಂದು ತನಗೆ ತಿಳಿಯದ ಕಾರಣವೇ ಕೈಗೊಂದು ಕಾಗದ ಬೇಕೆಂದು ಅವಳಿಗೆ ತೋರಿರಬೇಕು ಎಂದು ನನ್ನ ಊಹೆ.

ಆ ಚೀಟಿಗಳು ಮನೆಯನ್ನು ಕಾದದ್ದು ಅವಳು ಸತ್ತು ಹದಿನೈದು ವರ್ಷಗಳಿಗೂ ಮೇಲೆ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರ ಏಳನೆಯ ನಂಬ್ರದ ಫಾರಮಿನಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ತಾನು ಒಕ್ಕಲೆಂದು ತೋರಿಸಿದರೆ ಭೂಮಿಯ ಹಕ್ಕು ಅವನದು. ನಮ್ಮ ಜಿಲ್ಲೆಯಲ್ಲಿ 'ಡಿಕ್ಲರೇಶನ್ ಕೊಡುವುದು' ಎಂದರೆ ಇದೇ. ಅರ್ಜಿಯ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ತೋರಿಸುವುದು ಹೇಗೆ ಎಂಬುದೇ ತೊಡಕು. ಕಾನೂನು ಬರುವ ಸುಳಿವು ಸಿಕ್ಕಿದ ಮೇಲೆ ರಶೀದಿ ಕೊಡುವುದನ್ನು ನಿಲ್ಲಿಸಿದ ಧಣಿಗಳು ಅನೇಕರು. ನಮ್ಮ ಧಣಿಗಳ ಕಡೆಯವರು, ಇವರು ನಮ್ಮ ಕೂಲಿಯಾಳುಗಳು, ಗೇಣಿ ಒಕ್ಕಲಲ್ಲ ಎಂದು ಹೇಳಿಕೆ ಕೊಟ್ಟರು.

ನನ್ನ ಸೋದರಮಾವ ಅಟ್ಟದಿಂದ ಪೆಟ್ಟಿಗೆ ಇಳಿಸಿದರು. ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಕುಳಿತು ಗೇಣಿಯ ಚೀಟಿಗಳನ್ನು ಸಂವತ್ಸರಕ್ಕೆ ಅನುಸಾರವಾಗಿ ಜೋಡಿಸಿಕೊಟ್ಟೆ. ಅರುವತ್ತು ವರ್ಷಗಳ ಉದ್ದಕ್ಕೆ ಒಂದೇ ಮನೆಯವರಿಂದ ಒಂದೇ ಗದ್ದೆಯ ಗೇಣಿ ಸಂದ ದಾಖಲೆ ಮೇಜಿನ ಮೇಲೆ ಬಂದಾಗ ಕೂಲಿಯ ಮಾತು ನಿಲ್ಲಲಿಲ್ಲ. ತೀರ್ಪು ನಮ್ಮ ಪರವಾಗಿ ಆಯಿತು.

ಇನ್ನೂ ಒಂದು ವಿಚಾರವಿದೆ. ಬಂಧುಗಳು ಇದನ್ನು ಗಮನಿಸಬೇಕು. ಭೂಮಿ ಬಂದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಅಳಿಯಕಟ್ಟಿನ ಮನೆಗಳಲ್ಲಿ ಜಗಳ ಹುಟ್ಟಿತು. ಅರ್ಜಿ ಕೊಟ್ಟ ಮಾವನ ಸ್ವಂತದ್ದೋ, ಕುಟುಂಬದ್ದೋ? ಮಾವನ ಹೆಂಡತಿ ಮಕ್ಕಳಿಗೆ ಸೇರಬೇಕೋ, ಅಕ್ಕತಂಗಿಯರ ಮಕ್ಕಳಿಗೂ ಸೇರಬೇಕೋ? ಒಂದೇ ಅಂಗಳದಲ್ಲಿ ಆಡಿದವರು ಕುಂದಾಪುರದ ಕೋರ್ಟಿನ ಎರಡು ಬೆಂಚುಗಳಲ್ಲಿ ಕುಳಿತದ್ದನ್ನು ಕಂಡಿದ್ದೇನೆ. ನಮ್ಮಲ್ಲಿ ಅದು ಆಗಲಿಲ್ಲ. ಮಾವ ಒಳ್ಳೆಯವರು ಎಂಬುದು ಒಂದು ಕಾರಣ. ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಒಕ್ಕಲುತನ ಅವರಿಂದ ಆರಂಭವಾದದ್ದಲ್ಲ, ಅವರ ಅಜ್ಜಿಯ ಕೈದಾಟಿ ಬಂದದ್ದು ಎಂಬುದಕ್ಕೆ ಅವರೇ ಹಾಜರುಪಡಿಸಿದ ಚೀಟಿಗಳು ಸಾಕ್ಷಿಯಾಗಿದ್ದವು. ಅರ್ಜಿಯಲ್ಲಿ 'ಕುಟುಂಬದ ಪರವಾಗಿ' ಎಂದೇ ಬರೆಸಿದ್ದರು. ಇಂದು ನಮ್ಮಲ್ಲಿ ನಾಲ್ಕು ಮನೆಗಳು ನಿಂತಿರುವ ಜಾಗ ಅದು. ಮಂಡಳಿಯ ಆದೇಶದಲ್ಲಿ ಇರುವುದು ಅರ್ಜಿದಾರರಾದ ಮಾವನ ಹೆಸರು ಮಾತ್ರ.

ಅಂದು ಮಾವ ಗೇಣಿಯ ಚೀಟಿಗಳನ್ನಷ್ಟೇ ಆರಿಸಿಕೊಂಡು ಉಳಿದವನ್ನು ನಿರುಪಯೋಗಿ ಎಂದು ಪೆಟ್ಟಿಗೆಯ ತಳದಲ್ಲಿಯೇ ಬಿಟ್ಟಿದ್ದರು. ಅವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಅದರಲ್ಲಿ ಎರಡು ಕಾಗದಗಳು ಮುಖ್ಯವಾದವು. ಒಂದು ಕಾಳಯುಕ್ತಿ ಸಂವತ್ಸರದ ಕುಂಭ ಮಾಸದ್ದು, ಅಂದರೆ 1919ರ ಫೆಬ್ರವರಿ ಅಥವಾ ಮಾರ್ಚ್: ಒಂದು ಜೊತೆ ಬೆಂಡೋಲೆ ಅಡವಿಟ್ಟುಕೊಂಡು ಹಣ ಕೊಟ್ಟ ಬಗ್ಗೆ ಸಾಹುಕಾರರು ಬರೆದುಕೊಟ್ಟ ಚೀಟಿ. ಇನ್ನೊಂದು ನಾನು ಮೇಲೆ ಹೇಳಿದ, ಜಾರ್ಜ್ ದೊರೆಯ ಸ್ಟಾಂಪಿನ ರಶೀದಿ: ಆ ಬಾಬ್ತಿನಲ್ಲಿ ಇಪ್ಪತ್ತೈದು ರೂಪಾಯಿ ಸಂದದ್ದು. ಗೇಣಿಯ ಮೂರು ಮುಡಿ ಬಾಕಿ ತೀರಿದ ಚೀಟಿಯೂ ಅದೇ ಕುಂಭ ಮಾಸದ್ದು. ಓಲೆ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ವಿಧವೆಯಾದ್ದರಿಂದ ಓಲೆ ತೆಗೆದಳೆಂಬ ಮಾತು? ಮತ್ತೆ ಗೇಣಿಯ ಚೀಟಿಗಳನ್ನು ತಿರುವಿದೆ. 1919ನೆಯ ಇಸವಿಯ ಸಿದ್ಧಾರ್ಥಿ ಸಂವತ್ಸರದ ಒಂದು ಚೀಟಿಯಲ್ಲಿ ಐದು ಮುಡಿ ಅಕ್ಕಿ 'ಗಂಡನ ಮಾರ್ಫತು' ಸಂದಿದೆ. ಮರುವರ್ಷ ರೌದ್ರಿಯಲ್ಲಿಯೂ ಹಾಗೆಯೇ. ಓಲೆ ಅಡವಿಗೆ ಹೋದಾಗ ಮುತ್ತಜ್ಜ ಬದುಕಿದ್ದ. ಬದುಕಿದ್ದುದಲ್ಲದೆ ಹೆಂಡತಿಯ ಮನೆಯ ಗೇಣಿಯ ಅಕ್ಕಿಯನ್ನು ದೋಣಿಗೆ ಹೊತ್ತುಹಾಕಿದ್ದಾನೆ. ಅವನು ಸತ್ತದ್ದು ಯಾವಾಗಲೋ ಆಮೇಲೆ. ಬೋಳು ಕಿವಿಯನ್ನು ಮಾತ್ರ ಕಂಡ ಮೊಮ್ಮಕ್ಕಳು, ಅದಕ್ಕೆ ತಮಗೆ ತೋರಿದ ಕಾರಣವನ್ನು ಜೋಡಿಸಿಕೊಂಡರು.

ಇದನ್ನೆಲ್ಲ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಿಡ್ಸಿದ್ರಾ ಕಡಿಗೆ?" ಎಂದು ಕೇಳಿದರು. ಒಡವೆ ಬಿಡಿಸಿಕೊಳ್ಳುವಾಗ ಅಡವಿನ ಚೀಟಿಯನ್ನು ಸಾಹುಕಾರರಿಗೆ ಹಿಂದೆ ಕೊಡಬೇಕು. ನಮ್ಮ ಚೀಟಿ ಪೆಟ್ಟಿಗೆಯಲ್ಲಿಯೇ ಇದೆ.